ನೀರಿಲ್ಲದ ಕೆರೆಗೆ ಬುಕಿಂಗ್

ಜಯನಗರ ನಾಲ್ಕನೇ ಬ್ಲಾಕಿನ ಆಫೀಸಿಗೆ ಬಂದ ತಕ್ಷಣ ದಾನಮ್ಮ ಮಾಡುವ ಮೊದಲ ಕೆಲಸ, ಗೋಡೆಯ ಮೇಲಿನ ಕೆರೆಯ ಧೂಳು ಒರೆಸುವುದು. ಫೋಟೋದಲ್ಲಿ ಕೆರೆ ತುಂಬಿದೆ, ದೋಣಿಯೂ ಇದೆ. ಬಾದಾಮಿ, ಪಟ್ಟದಕಲ್ಲು ನೋಡಲು ಹೋಗುವವರು ತಂಗುವ ಕೆರೆದಂಡೆಯ ಆ ರೆಸಾರ್ಟಿಗೆ ಬೆಂಗಳೂರಿನಲ್ಲಿ ಬುಕಿಂಗ್ ಆಫೀಸ್ ಎಂದರೆ ದಾನಮ್ಮ, ಒಂದು ಮೇಜು, ಒಂದು ಫೋನು. ಅವರ ಊರೂ ಆ ಕಡೆಯದೇ. ಈಗ ಬಿಟಿಎಂನಲ್ಲಿ ಬಾಡಿಗೆ ಮನೆ.

ನಿಜವಾದ ಕೆರೆ ಈ ವರ್ಷ, ಅಂದರೆ 2003ರ ಸಂಕ್ರಾಂತಿಗೇ ಒಣಗಿತು. ನೀರಿದೆಯಾ ಎಂದು ಕೇಳಿದವರಿಗೆ ದಾನಮ್ಮ ಸುಳ್ಳು ಹೇಳುವುದಿಲ್ಲ. "ರಾಜರ ಕಾಲದ ಕೆರೆ ಸಾರ್" ಎನ್ನುತ್ತಾರೆ. ಇತಿಹಾಸದ ಮಾತು ಬಂದ ಮೇಲೆ ನೀರಿನ ವಿಚಾರ ಯಾರೂ ಎತ್ತುವುದಿಲ್ಲ.

ಈ ಬೇಸಿಗೆಯಲ್ಲಿ ಒಂದು ದೊಡ್ಡ ಗುಂಪಾದರೂ ಬರದಿದ್ದರೆ ಆಫೀಸಿಗೆ ಬೀಗ ಎಂದಿದ್ದರು ಮಾಲೀಕ ಶಾಂತವೀರಪ್ಪ. ಸಿಕ್ಕಿದ್ದು ಒಂದೇ, ಯಡಿಯೂರು ಕೆರೆಯ ಸುತ್ತ ದಿನಾ ವಾಕಿಂಗ್ ಮಾಡುವ ನಿವೃತ್ತರ ಬಳಗ. ಸೋಮವಾರ ಬಳಗದ ವಾರಿಜಾ ಬಂದು ಕೂತರು.

"ಕ್ಯಾನ್ಸಲ್ ಮಾಡಮ್ಮ."

"ಯಾಕ್ರೀ ಮೇಡಂ?"

"ನಮ್ಮೆಜಮಾನ್ರು."

ಬಳಗದವರೆಲ್ಲ ಗುಡಿ ಸುತ್ತುವ ಹಾಗೆ ಕೆರೆಯನ್ನು ಬಲಕ್ಕಿಟ್ಟುಕೊಂಡು ನಡೆಯುತ್ತಾರೆ. ವಾರಿಜಾರ ಪತಿ ರಾಮಪ್ರಸಾದ ಮಾತ್ರ ಎದುರಿನಿಂದ ಬರುತ್ತಾರೆ. ಇನ್ನೊಬ್ಬರ ಬೆನ್ನು ನೋಡಿದ್ದು ಸರ್ವಿಸಿನಲ್ಲೇ ಸಾಕಾಯಿತು ಎಂಬುದು ಅವರ ವಾದ. ಪ್ರತಿ ಸುತ್ತಿನಲ್ಲೂ ಎರಡು ಸಲ ಹೆಂಡತಿಗೆ ಗುಡ್ ಮಾರ್ನಿಂಗ್ ಹೇಳುತ್ತಾರೆ. ರೆಸಾರ್ಟಿನ ಕೆರೆಗೂ ಹೀಗೇ ಎಡಸುತ್ತು ಹಾಕುವುದಾದರೆ ನಾವು ಬರುವುದಿಲ್ಲ ಎಂದಿತು ಬಳಗ. ರಾಮಪ್ರಸಾದರು ದಿಕ್ಕು ಬದಲಿಸಲು ಒಪ್ಪಲಿಲ್ಲ.

"ಸಾರ್‌ನ ಮನ್ಯಾಗ ಬಿಟ್ಟು ಹೋಗ್ರಲ್ಲ."

"ಬಿಟ್ಟು ಹೋಗಿ, ನನ್ನ ಅಡುಗೆಮನೆ ಅವರ ಕೈಗೆ ಕೊಡ್ಲಾ?"

ದಾನಮ್ಮ ಎದ್ದು ಗೋಡೆಯ ಫೋಟೋವನ್ನು ಹಿಂದುಮುಂದಾಗಿ ತಿರುಗಿಸಿಟ್ಟರು.

"ಒಂದು ನಿಜ ಹೇಳ್ತೀನ್ರೀ. ಕೆರೆಯಾಗ ಹನಿ ನೀರಿಲ್ಲ."

"ಮತ್ತೆ ದೋಣಿ?"

"ಅದರಾಗ ಕೋಳಿ ಮೊಟ್ಟೆ ಇಡ್ತಾವ. ಆದ್ರ ಮೇಡಂ, ಕೆರೆ ನಡುವೇ ವಾಕಿಂಗ್ ಮಾಡಬಹುದು. ಈ ದಂಡೆಯಿಂದ ಆ ದಂಡೆಗೆ ಸೀದಾ. ಸುತ್ತೋದೇ ಇಲ್ಲ ಅಂದ್ಮೇಲೆ ಎಡಸುತ್ತು ಎಲ್ಲಿಂದ ಬರ್ತದ?"

"ಇವರೊಬ್ಬರೇ ಆ ದಂಡೆಯಿಂದ ಶುರು ಮಾಡಿದ್ರೆ?"

"ಅಲ್ಲಿ ನಮ್ಮ ಅಡುಗೆ ಭೀಮರಾಯ ಉಪ್ಪಿಟ್ಟು ಹಿಡಕೊಂಡು ನಿಂತಿರ್ತಾನ್ರೀ. ಅದನ್ನ ಬಿಟ್ಟು ಸಾರ್ ಕದಲೋದಿಲ್ಲ."

"ಅದು ನಿಜ," ಎಂದರು ವಾರಿಜಾ. ಬುಕಿಂಗ್ ಉಳಿಯಿತು.

ಸಂಜೆ ರೆಸಾರ್ಟಿನಿಂದ ಭೀಮರಾಯನ ಫೋನು. "ಅಕ್ಕಾ, ಚಲೋ ಸುದ್ದಿ. ಮೋಡ ಕಟ್ಟೇತಿ."

"ಚಲೋ ಅಲ್ಲೋ ತಮ್ಮಾ," ಎಂದರು ದಾನಮ್ಮ.

ಮಳೆ ಬರಲೆಂದು ಅವರು ಬೇಸಿಗೆಯುದ್ದಕ್ಕೂ ಬೆಂಗಳೂರಿನ ಬನಶಂಕರಿ ಗುಡಿಯಲ್ಲಿ ನಿಂಬೆಹಣ್ಣಿನ ದೀಪ ಹಚ್ಚಿದ್ದರು. ಮಂಗಳವಾರ ರಾಹುಕಾಲಕ್ಕೆ ಮತ್ತೆ ಹೋಗಿ ಹಚ್ಚಿದರು. ಈ ಸಲದ ಬೇಡಿಕೆ, ಭಾನುವಾರದವರೆಗೆ ತಡೆ ತಾಯಿ, ಎಂದು.

ಬಳಗದ ಬಸ್ಸು ಶುಕ್ರವಾರ ಸಂಜೆ ಯಡಿಯೂರಿನಿಂದ ಹೊರಡುತ್ತದೆ.