ಲಾಂಡ್ರಿ ಮೇಡಂ ಕೈಕೆಳಗೆ ಹೊಸ ಹುಡುಗಿ

ಶಾಲಾ ವ್ಯಾನ್ ಓಡಿಸುವ ಆಕೆಗೆ ಈಗ ನಲವತ್ತೊಂಬತ್ತು. ಹದಿನೆಂಟು ವರ್ಷಗಳಿಂದ ಅದೇ ರಸ್ತೆ, ಅದೇ ತಿರುವು. ಮಕ್ಕಳು ಮಾತ್ರ ಬದಲಾಗುತ್ತಾರೆ. ಮಕ್ಕಳ ಬಾಯಲ್ಲಿ ಅವಳು ವ್ಯಾನಕ್ಕ. ಹಿಂದಿನ ಸೀಟಿನಲ್ಲಿ ಯಾರು ಯಾರ ಜಡೆ ಎಳೆದರು ಎನ್ನುವುದು ಕನ್ನಡಿ ನೋಡದೆಯೇ ಅವಳಿಗೆ ತಿಳಿಯುತ್ತದೆ. ಇಂಥ ಚುರುಕಿನ ಹೆಂಗಸು ಮನೆಯಲ್ಲಿ ಒಬ್ಬರ ಮುಂದೆ ಮಾತ್ರ ವರ್ಷಗಟ್ಟಲೆ ಫೇಲಾಗುತ್ತಲೇ ಬಂದಳು. ಅವರು ಅವಳ ಅತ್ತೆ.

ಅತ್ತೆ ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತೊಂದು ವರ್ಷ ದುಡಿದು, ಅದರ ಮುಖ್ಯಸ್ಥೆಯಾಗಿ ನಿವೃತ್ತರಾದವರು. ಹದಿನಾಲ್ಕು ಜನ ಅವರ ಕೈಕೆಳಗಿದ್ದರು. ಆಪರೇಷನ್ ಮಾಡುವ ದೊಡ್ಡ ಡಾಕ್ಟರುಗಳೂ ಅವರನ್ನು ಮೇಡಂ ಎಂದೇ ಕರೆಯುತ್ತಿದ್ದರು. ಮದುವೆಯಾಗಿ ಬಂದ ಮೂರನೆಯ ದಿನ ಸೊಸೆ ಒಣಗಿದ ಬೆಡ್‌ಶೀಟೊಂದನ್ನು ಮಡಚಿ ಬೀರುವಿನಲ್ಲಿಟ್ಟಳು. ಅತ್ತೆ ಅದನ್ನು ಹೊರತೆಗೆದು, ಒದರಿ, ಮತ್ತೆ ಮಡಚಿ ಅಲ್ಲೇ ಇಟ್ಟರು. ಅಂದಿನಿಂದ ಅವಳು ಮಡಚಿದ ಒಂದು ಬೆಡ್‌ಶೀಟೂ ಇನ್ನೊಮ್ಮೆ ಬಿಚ್ಚಿಕೊಳ್ಳದೆ ಬೀರು ಸೇರಲಿಲ್ಲ. ಬೇರೆ ವಿಷಯಕ್ಕಾದರೆ ಅತ್ತೆಯ ದನಿ ಬೀದಿಯ ಕೊನೆಗೆ ಕೇಳುತ್ತಿತ್ತು. ಇದಕ್ಕೆ ಮಾತ್ರ ತುಟಿ ಎರಡಾಗುತ್ತಿರಲಿಲ್ಲ. ಸೊಸೆಗೆ ಆ ಮೌನವೇ ಹೆಚ್ಚು ಚುಚ್ಚುತ್ತಿತ್ತು. ಒಮ್ಮೆ ಸಿಟ್ಟಿಗೆದ್ದು ಎಲ್ಲವನ್ನೂ ಉಂಡೆ ಮಾಡಿ ಬೀರುವಿಗೆ ತುರುಕಿದಳು. ಅತ್ತೆ ಅದನ್ನೂ ತೆಗೆದು ಮಡಚಿಟ್ಟರು.

ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಗಂಡ ಸಾಧು ಮನುಷ್ಯ. "ನಿಮ್ಮಿಬ್ಬರದೂ ಎಣ್ಣೆ ಸೀಗೆಕಾಯಿ" ಎಂದು ಹೇಳಿ ರೇಡಿಯೊ ಹಾಕಿಕೊಳ್ಳುತ್ತಿದ್ದ.

ಮರೆವು ಮೊದಮೊದಲು ನಗುವ ವಿಷಯವಾಗಿಯೇ ಬಂತು. ಅತ್ತೆಯ ವಾಚು ಸಕ್ಕರೆ ಡಬ್ಬಿಯಲ್ಲಿ ಸಿಕ್ಕಿತು. ಆಮೇಲೆ ಖಾಲಿ ಪಾತ್ರೆ ಒಲೆಯ ಮೇಲೆ ಕರಕಲಾಯಿತು. ಮತ್ತೆ ಕೆಲವು ತಿಂಗಳಿಗೆ, ಬೆಳಗಾಗುವ ಹೊತ್ತಿಗೇ ಚಿಲಕ ತೆಗೆದು "ಡ್ಯೂಟಿಗೆ ಹೊತ್ತಾಯ್ತು" ಎಂದು ಹೊರಡತೊಡಗಿದರು. ಮೂರನೆಯ ಸಲ ಹಾಲಿನ ಗಾಡಿಯವನು ಅವರನ್ನು ಮುಖ್ಯರಸ್ತೆಯ ನಟ್ಟನಡುವೆ ಕಂಡು ಮನೆಗೆ ತಂದುಬಿಟ್ಟ. ಡಾಕ್ಟರು ಆಲ್ಝೈಮರ್ ಎಂದರು. ಹಗಲೂ ರಾತ್ರಿ ಒಂದು ಕಣ್ಣು ಅವರ ಮೇಲಿರಬೇಕು ಎಂದರು. ಮನೆಯಲ್ಲಿ ಇಬ್ಬರೂ ದುಡಿಯುವವರು, ಮಗಳು ದೂರದ ಊರಿನಲ್ಲಿ ಓದುತ್ತಿದ್ದಳು. ನೋಡಿಕೊಳ್ಳಲು ಬಂದ ಹೆಂಗಸು ಹತ್ತೇ ದಿನಕ್ಕೆ ಕೈ ಮುಗಿದು ಹೋದಳು. ಕೊನೆಗೆ ಗಂಡ ಹೆಂಡತಿ ನಾಲ್ಕು ಆರೈಕೆ ಕೇಂದ್ರಗಳನ್ನು ನೋಡಿ, ನಾಲ್ಕನೆಯದನ್ನು ಒಪ್ಪಿದರು. ಅಲ್ಲಿಯ ಹಜಾರ ಒಂದು ಸುತ್ತು ಸುತ್ತಿ ಹೊರಟಲ್ಲಿಗೇ ಬಂದು ಸೇರುತ್ತಿತ್ತು. ಎಷ್ಟು ನಡೆದರೂ ಯಾರೂ ದಾರಿ ತಪ್ಪುವಂತಿರಲಿಲ್ಲ.

"ಸೊಸೆ ಅಂತೂ ಸಾಗಹಾಕಿದಳು" ಎಂದು ಅಕ್ಕಪಕ್ಕದವರು ಮೂಗು ಮುರಿದರು. ಅತ್ತೆಯನ್ನು ಬಿಟ್ಟು ಬಂದ ಮಧ್ಯಾಹ್ನ ಅವಳು ಖಾಲಿ ವ್ಯಾನಿನಲ್ಲಿ ಕೂತು ಅತ್ತಳು. ಅತ್ತೆಗಾಗಿ ಅಳುವ ದಿನವೂ ಬಂದೀತೆಂದು ಅವಳು ಎಣಿಸಿರಲಿಲ್ಲ.

ಐದನೆಯ ದಿನ ಕೇಂದ್ರದ ಮ್ಯಾನೇಜರ್ ಫೋನ್ ಮಾಡಿದರು.

"ನಿಮ್ಮತ್ತೆ ಬೆಳಿಗ್ಗೆ ಆರಕ್ಕೇ ಎದ್ದು ಹನ್ನೊಂದು ಹಾಸಿಗೆಯ ಬೆಡ್‌ಶೀಟ್ ಕಿತ್ತು ಹಾಕಿದ್ದಾರಮ್ಮ."

"ಅಯ್ಯೋ."

"ಅದರಲ್ಲಿ ನಾಲ್ಕು ಹಾಸಿಗೇಲಿ ಇನ್ನೂ ಜನ ಮಲಗಿದ್ರು."

ಮೂರು ದಿನದಿಂದ ಇದೇ ಕತೆ, ಶಾಂತವಾಗಿರಲು ಮಾತ್ರೆ ಕೊಡೋಣವೇ ಎಂದು ಡಾಕ್ಟರು ಕೇಳುತ್ತಿದ್ದಾರೆ ಎಂದರು.

"ಇವತ್ತೊಂದು ದಿನ ತಡೀರಿ ಸಾರ್. ನಾನೇ ಬರ್ತೀನಿ" ಎಂದಳು ವ್ಯಾನಕ್ಕ.

ಬೆಳಗಿನ ಟ್ರಿಪ್ಪು ಮುಗಿಸಿ, ಸಂಜೆಯ ಟ್ರಿಪ್ಪಿಗೆ ಮುಂಚೆ ಅವಳಿಗೆ ನಾಲ್ಕು ಗಂಟೆ ಬಿಡುವು. ಹೋಗಿ ನೋಡಿದರೆ ಹಜಾರದಲ್ಲಿ ಅತ್ತೆ ಒಂದು ಬೆಡ್‌ಶೀಟನ್ನು ಅವುಚಿಕೊಂಡು ನಿಂತಿದ್ದಾರೆ. ಎದುರಿಗೆ ಬೆವೆತ ಮುಖದ ನರ್ಸ್ ಅದರ ಇನ್ನೊಂದು ತುದಿ ಎಳೆಯುತ್ತಿದ್ದಾಳೆ. ನೆಲದ ಮೇಲೆ ಬಟ್ಟೆಯ ರಾಶಿ. ವ್ಯಾನಕ್ಕ ಒಂದು ಗಳಿಗೆ ಆ ರಾಶಿಯನ್ನೇ ನೋಡಿದಳು. ಅದು ಒಂದು ರಾಶಿಯಲ್ಲ, ಮೂರು. ಬರೀ ಮಾಸಿದ್ದು ಒಂದು ಕಡೆ, ಕಲೆಯಾದದ್ದು ಒಂದು ಕಡೆ, ಹರಿದದ್ದು ಗೋಡೆಯ ಪಕ್ಕ.

"ಸಿಸ್ಟರ್, ಬಿಡಿ. ಅವರು ರಂಪ ಮಾಡ್ತಿಲ್ಲ. ಡ್ಯೂಟಿ ಮಾಡ್ತಿದ್ದಾರೆ."

ನರ್ಸ್ ಕೈ ಬಿಟ್ಟಳು. ಅತ್ತೆ ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಗುರುತು ಹತ್ತಲಿಲ್ಲ.

"ಹೊಸಬಳಾ ನೀನು?"

ನಾನು ನಿಮ್ಮ ಸೊಸೆ ಎನ್ನಬೇಕೆಂದಿದ್ದಳು. ಆದರೆ ಬಾಯಿಂದ ಹೊರಟದ್ದು ಬೇರೆ ಮಾತು. "ಹೂಂ ಮೇಡಂ."

"ಲೇಟಾಗಿ ಬಂದಿದ್ದೀಯ."

"ವ್ಯಾನ್ ತಡವಾಯ್ತು ಮೇಡಂ."

"ಎಲ್ಲರೂ ಅದನ್ನೇ ಹೇಳೋದು. ಹಿಡಿ ಈ ತುದಿ."

ಹಿಡಿದಳು. ಅತ್ತೆ ಕಲಿಸತೊಡಗಿದರು. "ಹೊಲಿಗೆ ಮಗ್ಗುಲು ಒಳಗೆ ಹೋಗ್ಬೇಕು. ಬೆನ್ನು ಸುಟ್ಟೋನು ಇದರ ಮೇಲೆ ಮಲಗ್ತಾನೆ ಅಂದ್ಕೋ. ಗಡಿಬಿಡೀಲಿ ಹೊಲಿಗೆ ಮೇಲಾಗಿ ಹಾಸಿದ್ರೆ ಅವನಿಗೆ ಗಾಯದ ಮೇಲೆ ಬರೆ. ಅಂಚು ಎರಡೂ ಒಂದೇ ಕಡೆ ಬರಲಿ. ನರ್ಸ್‌ಗೆ ಯಾವಾಗಲೂ ಒಂದೇ ಕೈ ಖಾಲಿ. ಒಂದ್ಸಲ ಒದರಿದ್ರೆ ಪೂರ್ತಿ ಬಿಚ್ಕೋಬೇಕು. ಗೊತ್ತಾಯ್ತಾ?"

ಗೊತ್ತಾಯಿತು. ಇಷ್ಟು ವರ್ಷ ಗೊತ್ತಾಗದೇ ಇದ್ದದ್ದು ಎರಡೇ ನಿಮಿಷದಲ್ಲಿ ಗೊತ್ತಾಯಿತು.

"ಇದನ್ನ ಮನೇಲಿ ಯಾರಿಗಾದ್ರೂ ಕಲಿಸಿದ್ದೀರಾ ಮೇಡಂ?"

"ಆಸ್ಪತ್ರೆ ಗಾಯದ ಕತೆ ಮನೇಲಿ ಯಾಕೆ? ಊಟ ಸೇರಲ್ಲ." ಅತ್ತೆ ಮಡಿಕೆಯನ್ನು ಅಂಗೈಯಿಂದ ನೀವಿದರು. "ಮನೇಲಿ ಒಬ್ಬಳಿದ್ದಾಳೆ, ಸೊಸೆ. ಮಡಚೋದೊಂದು ಬರಲ್ಲ. ಮಿಕ್ಕಿದ್ದೆಲ್ಲ ನೀರು ಕುಡಿದಷ್ಟು ಸಲೀಸು. ದೊಡ್ಡ ಗಾಡಿ ಓಡಿಸ್ತಾಳೆ. ಇಪ್ಪತ್ತು ಮಕ್ಕಳನ್ನ ಒಂದು ಗೀರೂ ಆಗದ ಹಾಗೆ ಮನೆ ಸೇರಿಸ್ತಾಳೆ ಗೊತ್ತಾ?"

"ಈ ಮಾತು ಅವಳಿಗೆ ಹೇಳಿದ್ದೀರಾ?"

"ಹೇಳಿ ತಲೆ ಮೇಲೆ ಕೂರಿಸ್ಕೊಳ್ಳಲಾ? ತುದಿ ಗಟ್ಟಿಯಾಗಿ ಹಿಡಿ."

ಅವಳು ತುದಿಯನ್ನು ಕಣ್ಣಿನ ತನಕ ಎತ್ತಿ ಹಿಡಿದಳು. ಮುಖ ಮರೆಸಿಕೊಳ್ಳಲು ಬೆಡ್‌ಶೀಟಿಗಿಂತ ಒಳ್ಳೆಯ ಪರದೆ ಇಲ್ಲ.

ಸಂಜೆ ಗಂಡನಿಗೆ ಎಲ್ಲವನ್ನೂ ಹೇಳಿದಳು. "ನೀನು ಅಳ್ತಿದ್ದೀಯೋ ನಗ್ತಿದ್ದೀಯೋ?" ಎಂದ.

"ಗೊತ್ತಿಲ್ಲ ರೀ. ಅಂತೂ ನನಗೆ ಲಾಂಡ್ರೀಲಿ ಕೆಲಸ ಸಿಕ್ಕಿದೆ."

ಮ್ಯಾನೇಜರ್ ಮೊದಲು ಒಪ್ಪಲಿಲ್ಲ. ಇಲ್ಲಿ ಇರಲು ಬಂದವರ ಕೈಲಿ ಕೆಲಸ ಮಾಡಿಸುವುದೇ ಎಂದರು. "ಮಾಡಿಸೋದು ಬೇಡ ಸಾರ್. ಅವರು ಮಾಡೋವಾಗ ತಡೀಬೇಡಿ, ಅಷ್ಟೇ" ಎಂದಳು ವ್ಯಾನಕ್ಕ. ಹಜಾರದ ಮೂಲೆಯಲ್ಲಿ ಒಂದು ಉದ್ದ ಮೇಜು ಬಂತು. ಒಗೆದ ಬಟ್ಟೆ ದಿನಾ ಬೆಳಿಗ್ಗೆ ಅಲ್ಲಿಗೇ ಬರತೊಡಗಿತು. ಹಾಸಿಗೆ ಕೀಳುವುದು ಆ ವಾರದಲ್ಲೇ ನಿಂತಿತು. ಮೇಡಂಗೆ ಈಗ ಪುರುಸೊತ್ತೆಲ್ಲಿ?

ಆದರೆ ಬೆಡ್‌ಶೀಟ್ ಮಡಚಲು ಇಬ್ಬರು ಬೇಕು. ವ್ಯಾನಕ್ಕ ದಿನಾ ಬರಲಾರಳು. ಕಿಟಕಿಯ ಬಳಿ ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿ ಸದಾ ನಿಂತಿರುತ್ತಿದ್ದರು. ಬಂದು ಎರಡು ತಿಂಗಳಾದರೂ ಯಾರೊಂದಿಗೂ ತುಟಿಪಿಟಕ್ಕೆಂದವರಲ್ಲ. ಒಂದು ದಿನ ಮೇಡಂ ಅವರ ಕೈಗೆ ಎರಡು ಮೂಲೆ ತುರುಕಿ, "ನಿಂತು ಏನು ನೋಡ್ತೀರಿ? ಹಿಡೀರಿ" ಎಂದರು. ಅವರು ಹಿಡಿದರು. ಇಬ್ಬರೂ ಹತ್ತಿರ ಬಂದರು, ಮೂಲೆಗೆ ಮೂಲೆ ಕೂಡಿಸಿದರು, ದೂರ ಸರಿದರು, ಮತ್ತೆ ಹತ್ತಿರ ಬಂದರು. ನಾಲ್ಕನೆಯದು ಮುಗಿದಾಗ ಬ್ಯಾಂಕಿನವರು ಗಂಟಲು ಸರಿಪಡಿಸಿಕೊಂಡು "ಇನ್ನೊಂದು" ಎಂದರು. ನರ್ಸ್ ಕೈಯಲ್ಲಿದ್ದ ಟ್ರೇಯನ್ನು ಅಲ್ಲೇ ಕೆಳಗಿಟ್ಟು ಮ್ಯಾನೇಜರನ್ನು ಕರೆತರಲು ಓಡಿದಳು.

ಮಳೆಗಾಲದಲ್ಲೊಮ್ಮೆ ಬಟ್ಟೆ ಒಗೆಯುವ ಗುತ್ತಿಗೆಯವರು ಮೂರು ದಿನ ಬಾರದೆ, ನಾಲ್ಕನೆಯ ದಿನ ಯಾವುದೋ ಹೋಟೆಲಿನ ಬಟ್ಟೆಯನ್ನೂ ಬೆರೆಸಿ ಗಂಟುಗಟ್ಟಲೆ ತಂದು ಸುರಿದರು. ಅಂದು ವ್ಯಾನಕ್ಕ ಬರುವ ದಿನವಲ್ಲ. ಮೇಡಂ ತೋಳು ಮಡಿಸಿ ಆರು ಜನರನ್ನು ಮೇಜಿನ ಸುತ್ತ ನಿಲ್ಲಿಸಿದರು. ಒಬ್ಬಜ್ಜಿಗೆ ದಿಂಬಿನ ಚೀಲ, ಇನ್ನೊಬ್ಬರಿಗೆ ಟವೆಲ್ಲು, ಬ್ಯಾಂಕಿನವರಿಗೆ ಎಣಿಕೆ. ಎಣಿಕೆ ನಡುನಡುವೆ ತಪ್ಪಿ ಮತ್ತೆ ಒಂದರಿಂದ ಶುರುವಾಗುತ್ತಿತ್ತು, ಯಾರಿಗೂ ಅವಸರವಿರಲಿಲ್ಲ. ಊಟದ ಗಂಟೆಯ ಹೊತ್ತಿಗೆ ಹೋಟೆಲಿನ ಮೇಜುಬಟ್ಟೆಗಳು ಬೇರೆ ಕಟ್ಟಾಗಿ ಕೂತಿದ್ದವು. ಗುತ್ತಿಗೆಯವರ ಗಾಡಿಯ ಡ್ರೈವರ್ ವಾಪಸು ಬಂದಾಗ ಮೇಡಂ ಅವನನ್ನು ಹಜಾರದಲ್ಲೇ ನಿಲ್ಲಿಸಿ ನೀರಿಳಿಸಿದರು. ಅವನು ತಲೆ ತಗ್ಗಿಸಿ "ಇನ್ಮೇಲೆ ಹೀಗಾಗಲ್ಲ ಮೇಡಂ" ಎಂದು ಹೊರಬಂದು, ನರ್ಸ್‌ನ ಕಿವಿಯಲ್ಲಿ ಕೇಳಿದ: "ಈ ಮೇಡಂ ಹೊಸದಾಗಿ ಸೇರಿದ್ರಾ? ಹಿಂದಿನವರು ಇಷ್ಟು ಜೋರಿರಲಿಲ್ಲ."

ಎಲ್ಲ ದಿನವೂ ಹೀಗಿರಲಿಲ್ಲ. ಒಂದು ಭಾನುವಾರ ಮಗ ಬಂದು ಎದುರಿಗೆ ಕೂತಾಗ ಅವರು ನೀನ್ಯಾರಪ್ಪ ಎಂದರು. ಅವನ ಮುಖ ಸಪ್ಪಗಾಯಿತು. ವ್ಯಾನಕ್ಕ ಅವನ ಕೈಗೆ ಬೆಡ್‌ಶೀಟಿನ ತುದಿ ಕೊಟ್ಟಳು. ಎರಡು ಮಡಿಕೆಯಾಗುವಷ್ಟರಲ್ಲಿ ತಾಯಿ, "ನನ್ನ ಮಗನೂ ನಿನ್ನ ಹಾಗೇ. ನಿಧಾನ. ಆದ್ರೆ ಒಂದು ದಿನಾನೂ ಎದುರುತ್ತರ ಕೊಟ್ಟೋನಲ್ಲ" ಎಂದರು. ಅವನು ಅಂದು ಹನ್ನೆರಡು ಮಡಚಿ ಮನೆಗೆ ಬಂದ.

ಆ ಚಳಿಗಾಲದಿಂದ ಶನಿವಾರ ಮಧ್ಯಾಹ್ನ ವ್ಯಾನಕ್ಕ ತನ್ನ ಗಾಡಿಯನ್ನು ಕೇಂದ್ರದ ಬಾಗಿಲಿಗೆ ತಂದು ನಿಲ್ಲಿಸುತ್ತಾಳೆ. ಎಂಟು ಜನ ಹಿರಿಯರು, ಇಬ್ಬರು ನರ್ಸ್. ಕೆರೆಯ ಸುತ್ತ ಒಂದು ಸವಾರಿ. ಮುಂದಿನ ಸೀಟು ಮೇಡಂ ಅವರದು. ಅದಕ್ಕಾಗಿ ಬ್ಯಾಂಕಿನವರೊಂದಿಗೆ ಪ್ರತಿ ಸಲ ಜಗಳ. ಒಂದು ಶನಿವಾರ ಅತ್ತೆ ಸೊಸೆ ಗೇರು ಬದಲಿಸುವುದನ್ನೇ ನೋಡುತ್ತ ಕೇಳಿದರು.

"ಎಲ್ಲಿ ಕಲಿತೆ ಇದನ್ನ?"

"ಮಗು ಚಿಕ್ಕದಿತ್ತು ಮೇಡಂ. ನಮ್ಮತ್ತೆ ಆರು ತಿಂಗಳು ದಿನಾ ಬೆಳಿಗ್ಗೆ ಅದನ್ನ ನೋಡ್ಕೊಂಡ್ರು. ಹಾಗಾಗಿ ಕಲಿತೆ."

ಅದು ನಿಜವೇ ಆಗಿತ್ತು. ಅವಳೇ ಅದನ್ನು ಮರೆತಿದ್ದಳು.

"ಒಳ್ಳೆಯವಳಿರ್ಬೇಕು ನಿಮ್ಮತ್ತೆ."

"ಒಳ್ಳೆಯವರೇ. ಬಾಯಿ ಸ್ವಲ್ಪ ಜೋರು."

"ಇರಲಿ ಬಿಡು. ಬಾಯಿಲ್ಲದ ಅತ್ತೆ ಯಾವ ಕೆಲಸಕ್ಕೆ?"

ವ್ಯಾನಕ್ಕನಿಗೆ ನಗು ತಡೆಯದೆ ಗಾಡಿಯನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಬೇಕಾಯಿತು. ಅವಳ ನಗು ನೋಡಿ ಅತ್ತೆಗೂ ನಗು ಹತ್ತಿತು. ಹಿಂದಿನ ಸೀಟಿನವರಿಗೆ ಕಾರಣ ತಿಳಿಯದಿದ್ದರೂ ಒಬ್ಬೊಬ್ಬರಾಗಿ ಅವರೂ ಸೇರಿಕೊಂಡರು. ಅದು ನಿಲ್ಲುವ ತನಕ ಕಾದು, ಕನ್ನಡಿ ನೋಡಿ, ಅವಳು ಮತ್ತೆ ಗಾಡಿ ಹೊರಡಿಸಿದಳು. ಕೆರೆಯ ಇನ್ನೂ ಅರ್ಧ ಸುತ್ತು ಬಾಕಿ ಇತ್ತು.