ಅಪ್ಪ ಮೈಕಿನ ವೈರು ಕಿತ್ತ ಭಾನುವಾರ

ಇವತ್ತು ರಾಯಾಪುರದ ನಮ್ಮ ಚರ್ಚಿನಲ್ಲಿ ಒಂದೇ ಮನೆಯ ಮೂವರು ಮಕ್ಕಳು ಡ್ರಮ್ ಬಾರಿಸಿಕೊಂಡು ರ‍್ಯಾಪ್ ಧಾಟಿಯಲ್ಲಿ ಯೇಸುವಿನ ಹಾಡು ಹಾಡಿದರು. ಸಭೆಯೆಲ್ಲ ಚಪ್ಪಾಳೆ ತಟ್ಟುತ್ತಿತ್ತು. ನಾನು ಮಾತ್ರ ಅಪ್ಪನ ಕಡೆ ನೋಡಿದೆ.

ನಾನು ಐದನೇ ತರಗತಿಯಲ್ಲಿದ್ದಾಗ ಅಪ್ಪ ಇದೇ ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದರು. ಪ್ರತಿ ಭಾನುವಾರ ಅದನ್ನು ಕರವಸ್ತ್ರದಿಂದ ಒರೆಸಿಯೇ ಕೂರುವವರು. ನಮ್ಮ ಮೇಲೆ ಎಂದೂ ದನಿ ಏರಿಸಿದವರಲ್ಲ.

ಆ ಕ್ರಿಸ್‌ಮಸ್‌ ಹೊತ್ತಿಗೆ ಅಕ್ಕ ತಾನೇ ಒಂದು ಹಾಡು ಕಟ್ಟಿ, ಅದಕ್ಕೆ ಕುಣಿಯುವಂಥ ತಾಳ ಹಾಕಿದ್ದಳು. ಅಣ್ಣನದು ಡ್ರಮ್, ನನ್ನದು ಪಲ್ಲವಿ. ಭಾನುವಾರ ಸಭೆಯ ಮುಂದೆ ಹಾಡತೊಡಗಿ ಎರಡು ಸಾಲು ಮುಗಿದಿರಲಿಲ್ಲ, ಅಪ್ಪ ಎದ್ದು ಬಂದು ಮೈಕಿನ ವೈರು ಕಿತ್ತರು.

"ಇದು ದೇವರ ಮನಿ. ಮದುವಿ ಮೆರವಣಿಗಿ ಅಲ್ಲ."

ನಾನು ಪಲ್ಲವಿಯನ್ನು ಅರ್ಧಕ್ಕೇ ಬಿಟ್ಟೆ. ಅಣ್ಣನ ಕೈ ಮೇಲೆತ್ತಿದಲ್ಲೇ ನಿಂತಿತು. ಅಕ್ಕ ಮಾತ್ರ ಮೈಕಿಲ್ಲದೆ ಕೊನೆಯವರೆಗೂ ಹಾಡಿದಳು. ಆಮೇಲೆ ಅವಳು ಯಾವತ್ತೂ ಚರ್ಚಿನಲ್ಲಿ ಹಾಡಲಿಲ್ಲ.

ಇವತ್ತು ಪ್ರಾರ್ಥನೆ ಮುಗಿದ ಮೇಲೆ, ಪಕ್ಕದಲ್ಲಿ ಕೂತಿದ್ದ ಅಪ್ಪ ತಾವಾಗಿಯೇ ಅಂದರು, "ನಿಮ್ಮ ಅಕ್ಕನ ಹಾಡು ಛಲೋ ಇತ್ತವಾ. ನನ್ನ ಹಾರ್ಮೋನಿಯಂ ಇನ್ನ ಯಾರಿಗೂ ಬ್ಯಾಡ ಆಗತೈತಿ ಅಂತ ಅಂಜಿದ್ನಿ."

ಇಷ್ಟು ವರ್ಷ ಅಪ್ಪನ ಆ ಸಿಟ್ಟನ್ನು ಭಕ್ತಿ ಅಂದುಕೊಂಡಿದ್ದೆ. ವೈರು ಕಿತ್ತಾಗಲೂ ನಾನು ಇಷ್ಟು ದಂಗಾಗಿರಲಿಲ್ಲ.

"ನನಗಲ್ರೀ ಅಪ್ಪಾ, ಅಕ್ಕಗ ಹೇಳ್ರಿ" ಎಂದು ಅವಳಿಗೆ ಫೋನ್ ಹಚ್ಚಿ ಅವರ ಕೈಗಿಟ್ಟೆ. ಅಕ್ಕ ಮೂರು ಸಲ "ಹಲೋ" ಅಂದ ಮೇಲೆ ಅಪ್ಪನಿಗೆ ಮಾತು ಹೊರಟಿತು.

"ಆ ಹಾಡು ಇನ್ನೂ ನೆನಪೈತೇನವಾ?"