ಇನ್ನೂರು ತಿರುವುಗಳ ಮಿತಿ

ನಾಝಿಮಾಳನ್ನು ನಾನು ಹನ್ನೊಂದು ವರ್ಷಗಳಿಂದ ಬೈಯುತ್ತಾ ಬಂದಿದ್ದೇನೆ. ಕದ್ರಿಯ ನಮ್ಮ ಸಣ್ಣ ಆಫೀಸಿನಲ್ಲಿ ಚಿಪ್‌ಗಳ ನಕ್ಷೆ ಬಿಡಿಸುತ್ತಾರೆ. ಬಿಡಿಸಿದ್ದರಲ್ಲಿ ತಪ್ಪು ಹುಡುಕಿ ಸಹಿ ಹಾಕುವುದು ಮಟಿಲ್ಡಾ ಎಂಬ ನನ್ನ ಕೆಲಸ. ಬೈಗುಳವೂ ಅದರಲ್ಲೇ ಸೇರಿದೆ. ಅವಳ ಗಂಡ ಯಾಹ್ಯಾ ಕೂಡ ಇಲ್ಲೇ ನಕ್ಷೆ ಬಿಡಿಸುತ್ತಿದ್ದ. ಅವನ ನಕ್ಷೆಯನ್ನು ಕಾರ್ಖಾನೆಗೆ ಬೇಕಾದ ಫೈಲಿನ ರೂಪಕ್ಕೆ ತಂದು ಕಳಿಸುವುದು ಇವಳ ಪಾಲಿನದು. "ಅಡುಗೆ ಅವನದು, ಬಡಿಸುವುದು ನಿನ್ನದು. ಮನೆಯಲ್ಲೂ ಹೀಗೆಯಾ?" ಎಂದು ಕೆಣಕಿದರೆ ಇಬ್ಬರೂ ನಗುತ್ತಿದ್ದರು.

ಯಾಹ್ಯಾನಿಗೆ ಒಂದು ಚಟ. ಚಿಪ್‌ನ ಅಂಚಿನಲ್ಲಿ ಒಂದಿಷ್ಟು ಜಾಗ ಉಳಿದರೆ ಸಾಕು, ಕಣ್ಣಿಗೆ ಕಾಣದಷ್ಟು ಸಣ್ಣ ಬಂಗುಡೆ ಮೀನೊಂದನ್ನು ಬಿಡಿಸುತ್ತಿದ್ದ. ಚಿಪ್‌ನ ಕೆಲಸಕ್ಕೂ ಅದಕ್ಕೂ ಸಂಬಂಧವಿಲ್ಲ, ತೊಂದರೆಯೂ ಇಲ್ಲ. ಅದನ್ನು ಕಂಪ್ಯೂಟರಿನಲ್ಲಿ ಮೊದಲೇ ಯಾರೂ ನೋಡಬಾರದು ಎಂಬುದು ನಮ್ಮೊಳಗಿನ ಕಟ್ಟಳೆ. ಚಿಪ್ ತಯಾರಾಗಿ ಬಂದ ದಿನ ಮೈಕ್ರೋಸ್ಕೋಪಿನ ಸುತ್ತ ಸೇರಿ ಹುಡುಕಬೇಕು. ಮೊದಲು ಕಂಡವರಿಗೆ ಅವನ ಕಡೆಯಿಂದ ಗಡ್‌ಬಡ್ ಐಸ್‌ಕ್ರೀಮ್.

ಕಳೆದ ವರ್ಷ ಅವನ ಕೊನೆಯ ಚಿಪ್ ಹೊರಡುವ ದಿನ, ಊಟದ ಬುತ್ತಿ ಮುಚ್ಚುತ್ತಾ ಅವನು ನನ್ನೆದುರೇ ಹೆಂಡತಿಗೆ ಹೇಳಿದ: "ಈ ಸಲ ಮೀನಲ್ಲ. ನಿನಗೆ ಅಂತಲೇ ಒಂದು ಉಂಟು. ಚಿಪ್ ಬರ್ಲಿ, ನೀನೇ ನೋಡು."

"ಎಂತ? ಈಗಲೇ ಹೇಳಿ."

"ಈಗ ಹೇಳಿದ್ರೆ ಆಮೇಲೆ ನೋಡ್ಲಿಕ್ಕೆ ಎಂತ ಉಂಟು?"

ಆ ಸಂಜೆ ಯಾಹ್ಯಾ ಮನೆಗೆ ಹೊರಟ ಮೇಲೆ ಕಾರ್ಖಾನೆಯಿಂದ ಸಂದೇಶ ಬಂತು: ಅವರ ಯಂತ್ರ ಫೈಲಿನ ಹಳೆಯ ಆವೃತ್ತಿಯನ್ನು ಮಾತ್ರ ಓದುತ್ತದೆಯಂತೆ. ಹಳೆಯದಕ್ಕೂ ಹೊಸದಕ್ಕೂ ಹೆಸರು ಒಂದೇ, ಸ್ವಭಾವ ಬೇರೆ. ಹಳೆಯದರಲ್ಲಿ ಒಂದು ಆಕೃತಿಯ ಗೆರೆ ಇನ್ನೂರು ಸಲ ತಿರುಗಬಹುದು, ಅಷ್ಟೇ. ಹೊಸದರಲ್ಲಿ ಸಾವಿರಾರು ಸಲ. ನಾಝಿಮಾ ಫೈಲನ್ನು ಹಳೆಯದಕ್ಕೆ ಬದಲಾಯಿಸುವಾಗ ಪರದೆಯ ಮೇಲೆ ಒಂದೇ ಒಂದು ಎಚ್ಚರಿಕೆ ಮೂಡಿತು: ಒಂದು ಆಕೃತಿಯಲ್ಲಿ ತಿರುವು ಹೆಚ್ಚಾಗಿದೆ, ಕೈಬಿಡಲೇ? ಅದು ಯಾವ ತಂತಿಗೂ ತಾಗಿರಲಿಲ್ಲ. ಅವಳು ನನ್ನ ಮುಖ ನೋಡಿದಳು.

"ಸರ್ಕ್ಯೂಟಿಗೆ ಸಂಬಂಧ ಇಲ್ಲದ್ದು. ಬಿಡು ಮಾರಾಯ್ತಿ, ಅವರು ಕಾಯ್ತಾ ಇದ್ದಾರೆ," ಎಂದೆ.

ಅವಳು ಒತ್ತಿದಳು, ನಾನು ಸಹಿ ಹಾಕಿದೆ. ಯಾಹ್ಯಾನ ಮೀನು ಯಾವತ್ತೂ ನಲವತ್ತು ತಿರುವು ದಾಟಿದ್ದಿಲ್ಲ. ಹಾಗಾಗಿ ಇಬ್ಬರಿಗೂ ಅವನ ಮಾತು ನೆನಪಾಗಲಿಲ್ಲ.

ಒಂಬತ್ತನೇ ದಿನ, ಎದೆನೋವೆಂದು ಆಸ್ಪತ್ರೆಗೆ ಹೋದ ಯಾಹ್ಯಾ ತಿರುಗಿ ಬರಲಿಲ್ಲ. ನಲವತ್ತಾರು ವರ್ಷ.

ಗಂಡ ತೀರಿಕೊಂಡವಳು ಮನೆಯಲ್ಲೇ ಇರಬೇಕಾದ ನಾಲ್ಕು ತಿಂಗಳು ಹತ್ತು ದಿನದ ಇದ್ದತ್ ಕೂತು ನಾಝಿಮಾ ಕೆಲಸಕ್ಕೆ ಮರಳಿದ ವಾರವೇ ಚಿಪ್‌ಗಳೂ ಬಂದವು. ಮೈಕ್ರೋಸ್ಕೋಪಿನ ಹತ್ತಿರ ಬೇರೆ ಯಾರೂ ಹೋಗಲಿಲ್ಲ. ಅವಳೊಬ್ಬಳೇ ಚಿಪ್ ಅನ್ನು ಅಂಚಿನಿಂದ ಅಂಚಿಗೆ ಸರಿಸುತ್ತಾ ಒಂದು ಗಂಟೆ ನೋಡಿದಳು. ಏನೂ ಇರಲಿಲ್ಲ. ಆಗ ನನಗೆ ಆ ಎಚ್ಚರಿಕೆ ನೆನಪಾಯಿತು. ಅವಳಿಗೆ ನನಗಿಂತ ಮೊದಲೇ ನೆನಪಾಗಿತ್ತು ಎಂದು ಅವಳ ಮುಖ ನೋಡಿದಾಗ ತಿಳಿಯಿತು.

ಯಾಹ್ಯಾನ ಮೂಲ ಫೈಲ್ ಕೇಳಿದರೆ, ಕಂಪ್ಯೂಟರ್ ನೋಡಿಕೊಳ್ಳುವ ಜಿತೇಶ್ ತಲೆ ತಗ್ಗಿಸಿದ. ಯಾಹ್ಯಾನ ಕಂಪ್ಯೂಟರನ್ನು ಪೂರ್ತಿ ಅಳಿಸಿ ಹೊಸಬರಿಗೆ ಕೊಟ್ಟಾಗಿತ್ತು. ಕಾರ್ಖಾನೆಗೆ ಹೋದ ಪ್ರತಿಯನ್ನು ಮಾತ್ರ ಇಟ್ಟುಕೊಳ್ಳುವುದು ನಮ್ಮ ಕ್ರಮ. ಎರಡು ವಾರ ತಡಕಾಡಿ ಜಿತೇಶ್ ತಂದದ್ದು ಆ ಸಂಜೆಯ ವರದಿಯ ಒಂದು ಸಾಲು: ಕೈಬಿಟ್ಟ ಆಕೃತಿ ಒಂದು; ತಿರುವು ಸಾವಿರದ ನೂರ ಹನ್ನೆರಡು; ಉದ್ದ ನೂರೆಂಬತ್ತು ಮೈಕ್ರಾನ್, ಎತ್ತರ ಹನ್ನೆರಡು.

ನಾಝಿಮಾ ಅದನ್ನು ಬಹಳ ಹೊತ್ತು ನೋಡಿದಳು.

"ಇದು ಚಿತ್ರ ಅಲ್ಲ ಮೇಡಂ. ಇಷ್ಟು ಉದ್ದ, ಇಷ್ಟು ಗಿಡ್ಡ. ಇದು ಬರಹ. ಕೈ ಎತ್ತದೆ ಒಂದೇ ಗೆರೆಯಲ್ಲಿ ಬರೆದಿದ್ದಾರೆ." ಆ ಸಾಲಿನ ಮೇಲೆ ಬೆರಳಿಟ್ಟು ಹೇಳಿದಳು, "ಮದುವೆಯಾಗಿ ಹದಿನೇಳು ವರ್ಷ ಆಯ್ತು. ನನಗೆ ಒಂದು ಚೀಟಿ ಸಹ ಬರೆದವರಲ್ಲ."

ಬಿಡು ಎಂದವಳು ನಾನೇ ಅಲ್ಲವೇ? ಆ ಸಾಲನ್ನು ಓದಬೇಕೆಂದು ನನಗೇ ಅಷ್ಟು ಹಂಬಲವಾದರೆ ಅವಳಿಗೆ ಎಷ್ಟಾಗಿರಬೇಡ!

ಆಮೇಲೆ ಎಷ್ಟೋ ದಿನ ಅವಳು ಬಿಡುವು ಸಿಕ್ಕಾಗಲೆಲ್ಲ ಒಂದೊಂದು ಸಾಲು ಬರೆದು ತಿರುವು ಎಣಿಸುತ್ತಿದ್ದಳು. ತನ್ನ ಹೆಸರು, ಮಗಳು ಸುಹೈಲಾಳ ಹೆಸರು, ಮದುವೆಯ ಹೊಸತರಲ್ಲಿ ಅವನು ಆಡಿದ್ದ ಯಾವುದೋ ಮಾತು. ಕೇಳಿದರೆ ನನಗೆ ತೋರಿಸುತ್ತಿರಲಿಲ್ಲ. ಯಾವುದೂ ಸಾವಿರದ ನೂರ ಹನ್ನೆರಡಕ್ಕೆ ಸರಿಹೊಂದಲಿಲ್ಲ.

ಕಳೆದ ತಿಂಗಳು ಅವಳೇ ಬಿಡಿಸಿದ ಮೊದಲ ಚಿಪ್ ನನ್ನ ಮುಂದೆ ಬಂತು. ಖಾಲಿ ಬಿಟ್ಟಲ್ಲಿ ಲೋಹ ಸಮನಾಗಿ ಕೂರುವುದಿಲ್ಲವೆಂದು ನಾವು ಉಳಿದ ಜಾಗಕ್ಕೆಲ್ಲ ಸುಮ್ಮನೆ ಚೌಕಗಳನ್ನು ತುಂಬಿಸುತ್ತೇವೆ. ಅಂಚಿನ ಒಂದು ಪಟ್ಟಿ ಮಾತ್ರ ಬರಿದಾಗಿತ್ತು. ಅಳತೆ ನೋಡುವ ಮೊದಲೇ ಕರೆದು ಗದರಿದೆ.

"ಇದೆಂತ ನಾಝಿಮಾ, ಇಲ್ಲಿ ತುಂಬಿಸಲೇ ಇಲ್ಲ?"

"ಅಲ್ಲಿ ತುಂಬಿಸಬೇಡ ಅಂತ ನಾನೇ ಗುರುತು ಹಾಕಿದ್ದು ಮೇಡಂ. ಅವರು ಎಂತ ಬರೆದಿದ್ರು ಅಂತ ನನಗೆ ಗೊತ್ತಿಲ್ಲ. ಎಷ್ಟು ಜಾಗ ಬೇಕಿತ್ತು ಅಂತ ಗೊತ್ತುಂಟು."